ಸೋಲಿಲ್ಲದವರಿಗೆ ಕರೆಯಿಲ್ಲ

ಊಟಕ್ಕೆ ಕರೆಯಬಂದವರು ಹೊಸ್ತಿಲಲ್ಲಿ ನಿಂತು, ‘ನಿಮ್ಮ ಮನೆಯವರೆಲ್ಲರೂ ಬರಬೇಕು, ಆದರೆ ಈ ಇಬ್ಬರು ಮಾತ್ರ ಬೇಡ’ ಎಂದರೆ, ಮಾನವುಳ್ಳ ಗೃಹಸ್ಥನು ಏನು ಉತ್ತರ ಕೊಡುವನೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಔತಣಕ್ಕೆ ಹೋಗಿ ಬಂದರೆ ಮನೆಯ ಸಾಲ ತೀರುವಂತಿದೆ, ಹೋಗದಿದ್ದರೆ ಮನೆಯೇ ಮುರಿದು ಬೀಳುವಂತಿದೆ ಎಂದಿಟ್ಟುಕೊಳ್ಳೋಣ. ಆಗ ಅದೇ ಉತ್ತರವು ಅಷ್ಟು ಸುಲಭವಾಗಿ ಬಾಯಿಂದ ಹೊರಡಲಾರದು. 1951ನೆಯ ಇಸವಿಯ ಕೊನೆಯಲ್ಲಿ ಅಮೆರಿಕದ ಪಶ್ಚಿಮ ತೀರದ ಒಂದು ಚಿಕ್ಕ ಕಾಲೇಜಿನ ಹುಡುಗರಿಗೆ ಇಂತಹ ಪರೀಕ್ಷೆಯೊಂದು ಒದಗಿತು. ಅವರು ಆಡುತ್ತಿದ್ದುದು ನಮ್ಮಲ್ಲಿ ಬಹುಮಂದಿಗೆ ಪರಿಚಯವಿಲ್ಲದ ಆಟ. ಅವರು ಕೊಟ್ಟ ಉತ್ತರವು ಮಾತ್ರ ಯಾವ ದೇಶದ ಮನೆಯವರಿಗೂ ಅರ್ಥವಾಗುವಂತಹುದು. ಆದುದರಿಂದ ಈ ತಿಂಗಳು ಅದರ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ಆಟದ ವಿಷಯವಾಗಿ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಬಯಲುಗಳಲ್ಲಿ ಮಕ್ಕಳು ಕಾಲಿನಿಂದ ಒದೆದು ಆಡುವ ಆಟವನ್ನಲ್ಲ. ಅವರ ಚೆಂಡು ಗುಂಡಗಿರುವುದಿಲ್ಲ. ಸುಲಿಯದ ತೆಂಗಿನಕಾಯಿಯಂತೆ ಉದ್ದವಾಗಿ, ಎರಡು ತುದಿಯೂ ಚೂಪಾಗಿರುವುದು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡಬಹುದು, ಕೈಯಿಂದ ಎಸೆಯಬಹುದು, ಸಮಯವರಿತು ಒದೆಯಲೂಬಹುದು. ಪಕ್ಷಕ್ಕೆ 11 ಮಂದಿಯಂತೆ 100 ಗಜ ಉದ್ದದ ಬಯಲಿನಲ್ಲಿ ಎದುರುಬದುರಾಗಿ ನಿಲ್ಲುವರು. ಚೆಂಡನ್ನು ಪಡೆದ ಪಕ್ಷವು ನಾಲ್ಕು ಯತ್ನಗಳೊಳಗಾಗಿ 10 ಗಜವಾದರೂ ಮುಂದುವರಿಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗಳ ವಶವಾಗುವುದು. ಕೊನೆಯ ಗೆರೆಯನ್ನು ದಾಟಿಸಿದರೆ 6 ಅಂಕಗಳು. ಓಡುವವನೊಬ್ಬನ ಹೆಸರು ಪತ್ರಿಕೆಗಳಲ್ಲಿ ಬರುವುದು ನಿಜ. ಆದರೆ ಅವನ ಮುಂದೆ ಎದೆಯೊಡ್ಡಿ, ಬಿದ್ದು, ಎದ್ದು, ದಾರಿ ಬಿಡಿಸುವವರು ಉಳಿದ ಹತ್ತು ಮಂದಿ. ಒಬ್ಬನು ಹಿಂಜರಿದರೆ ಎಲ್ಲರ ಶ್ರಮವೂ ವ್ಯರ್ಥ. ಈ ಆಟದ ಈ ಗುಣವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯು ಸುಲಭವಾಗಿ ತಿಳಿಯುವುದು.

ಕಾಲೇಜಿನ ಹೆಸರು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ. ಹೆಸರು ದೊಡ್ಡದಾದರೂ ಸಂಸ್ಥೆಯು ಆಗ ಚಿಕ್ಕದಾಗಿದ್ದಿತು. ನಮ್ಮ ಮಂಗಳೂರಿನಲ್ಲಿ 1880ರಲ್ಲಿ ಸೇಂಟ್ ಅಲೋಷಿಯಸ್ ಕಾಲೇಜನ್ನು ತೆರೆದ ಯೇಸುಸಭೆಯ ಪಾದ್ರಿಗಳೇ 1855ರಲ್ಲಿ ಇದನ್ನೂ ಸ್ಥಾಪಿಸಿದರು. ಅದೇ ಸೀಮೆಯಲ್ಲಿ ಸ್ಟ್ಯಾನ್‌ಫೋರ್ಡ್, ಬರ್ಕಲಿಯ ಕ್ಯಾಲಿಫೋರ್ನಿಯಾ ಮೊದಲಾದ ಮಹಾ ವಿಶ್ವವಿದ್ಯಾಲಯಗಳಿದ್ದುವು. ಅವಕ್ಕೆ ಸ್ವಂತ ಕ್ರೀಡಾಂಗಣ, ಹೇರಳವಾದ ಹಣ, ಸಾವಿರಾರು ಹಳೆಯ ವಿದ್ಯಾರ್ಥಿಗಳ ಬೆಂಬಲ. ಇವರಿಗಾದರೋ ನಗರದ ಕೀಜರ್ ಕ್ರೀಡಾಂಗಣವೇ ಗತಿ. ಅಲ್ಲಿಯೂ 1946ರಿಂದ ಹಣಕ್ಕಾಗಿ ಆಡುವ ವೃತ್ತಿತಂಡವೊಂದು ನೆಲೆಸಿ, ಪ್ರೇಕ್ಷಕರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಿದ್ದಿತು. ಆದರೂ ಕಾಲೇಜಿನ ತಂಡಕ್ಕೆ ‘ಡಾನ್ಸ್’ ಎಂಬ ಬಿರುದಿತ್ತು. ಡಾನ್ ಎಂಬುದು ಸ್ಪಾನಿಷ್ ಭಾಷೆಯಲ್ಲಿ ನಮ್ಮ ‘ಧಣಿ’ ಎಂಬಂತಹ ಗೌರವದ ಮಾತು. ಕೈಯಲ್ಲಿ ಕಾಸಿಲ್ಲದ ಧಣಿಗಳು ಇವರು!

ತಂಡದ ಶಿಕ್ಷಕರು ಜೋ ಕುಹಾರಿಕ್ ಎಂಬವರು, ಕಟ್ಟುನಿಟ್ಟಿನ ಮನುಷ್ಯರು. ಋತುವಿನ ಮೊದಲು ಅವರು ಹುಡುಗರನ್ನು ಕಾರ್ನಿಂಗ್ ಎಂಬ ಬಿಸಿಲೂರಿಗೆ ಕರೆದೊಯ್ದು, ಬೆವರಿಳಿಯುವಂತೆ ದುಡಿಸಿ, ಗಟ್ಟಿಮಾಡಿದರು. ಹುಡುಗರಲ್ಲಿ ಬಹುಮಂದಿ ದುಡಿದುಣ್ಣುವ ಮನೆಗಳಿಂದ ಬಂದವರು. ಜೀನೋ ಮಾರ್ಕೆಟ್ಟಿಯು ಇಟಲಿಯಿಂದ ವಲಸೆ ಬಂದ ತಂದೆತಾಯಿಗಳ ಮಗನು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಹಿಮದಲ್ಲಿ ಹೋರಾಡಿ ಬಂದವನು. ಬಾಬ್ ಸೇಂಟ್ ಕ್ಲೇರ್ ಎಂಬುವನು 6 ಅಡಿ 9 ಅಂಗುಲ ಎತ್ತರದ ಆಳು. ಚೆಂಡನ್ನು ಗುರಿಯಿಟ್ಟು ಎಸೆಯುವ ಕೆಲಸ ಎಡ್ ಬ್ರೌನನದು. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಬರೆದು ಕಳುಹಿಸುವ ಕೆಲಸವನ್ನು ಪೀಟ್ ರೊಜೆಲ್ ಎಂಬ ತರುಣನು ವಹಿಸಿಕೊಂಡಿದ್ದನು. ಇವರೆಲ್ಲರ ನಡುವೆ ಕರಿಯ ವರ್ಣದವರು ಇಬ್ಬರಿದ್ದರು. ಒಬ್ಬನು ಟೆಕ್ಸಸ್ ಪ್ರಾಂತದಲ್ಲಿ ಹುಟ್ಟಿದ ಆಲಿ ಮ್ಯಾಟ್ಸನ್, ಮಿಂಚಿನಂತಹ ಓಟಗಾರನು. ಇನ್ನೊಬ್ಬನು ಮೆಂಫಿಸ್ ನಗರದ ಬರ್ಲ್ ಟೋಲರ್. ಎದುರಾಳಿಗಳನ್ನು ಗೋಡೆಯಂತೆ ತಡೆಯುವವನು.

1951ರ ಋತುವು ಪ್ರಾರಂಭವಾಯಿತು. ಮೊದಲನೆಯ ಪಂದ್ಯದಲ್ಲಿ ಸ್ಯಾನ್ ಹೋಸೆ ಕಾಲೇಜನ್ನು 39ಕ್ಕೆ 2ರಂತೆ ಸೋಲಿಸಿದರು. ಐಡಾಹೋ ವಿಶ್ವವಿದ್ಯಾಲಯದವರನ್ನು 28ಕ್ಕೆ 7ರಂತೆ ಗೆದ್ದರು. ಅದು ಕೊರಿಯಾ ಯುದ್ಧದ ಕಾಲ. ಸೈನ್ಯದ ಶಿಬಿರಗಳಲ್ಲಿಯೂ ಒಳ್ಳೆಯ ತಂಡಗಳಿದ್ದುವು. ಅವುಗಳಲ್ಲಿ ಕ್ಯಾಂಪ್ ಪೆಂಡಲ್ಟನ್ ಶಿಬಿರದ ತಂಡವು ಇವರ ಎದುರಿಗೆ ಒಂದು ಅಂಕವನ್ನೂ ಪಡೆಯಲಾಗದೆ 26 ಅಂಕಗಳಿಂದ ಸೋತಿತು. ಸ್ಯಾನ್ ಹೋಸೆಯವರು ಮತ್ತೊಮ್ಮೆ ಬಂದು 42ಕ್ಕೆ 7ರಂತೆ ಸೋತು ಹೋದರು. ಹೀಗೆ ನಾಲ್ಕು ಪಂದ್ಯಗಳು ಕಳೆದರೂ ಪೂರ್ವತೀರದ ಪತ್ರಿಕೆಗಳು ಇತ್ತ ಕಣ್ಣೆತ್ತಿ ನೋಡಲಿಲ್ಲ. ದೂರದ ಬೆಟ್ಟದ ಮೇಲಿನ ಚಿಕ್ಕ ಕಾಲೇಜೊಂದು ಯಾರನ್ನೋ ಗೆದ್ದರೆ ನ್ಯೂಯಾರ್ಕಿಗೆ ಏನು?

ಆದುದರಿಂದಲೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ವಿಶ್ವವಿದ್ಯಾಲಯದೊಡನೆ ಆಡಿದ ಐದನೆಯ ಪಂದ್ಯವು ಇವರಿಗೆ ಮಹತ್ತ್ವದ್ದಾಗಿದ್ದಿತು. ಅದೂ ಯೇಸುಸಭೆಯ ವಿದ್ಯಾಲಯವೇ. ಆದರೆ ಹಳೆಯ ಕೀರ್ತಿ ಅದಕ್ಕಿತ್ತು. ಇಡೀ ಋತುವಿನಲ್ಲಿ ಇವರಿಗೆ ನಿಜವಾದ ಬಿಗಿ ತೋರಿಸಿದವರು ಅವರೊಬ್ಬರೇ. ಎದುರಾಳಿಗಳು ಒದೆದು ಕಳುಹಿಸಿದ ಚೆಂಡನ್ನು ತಮ್ಮ ಗೆರೆಯ ಬಳಿಯಲ್ಲಿ ಹಿಡಿದ ಮ್ಯಾಟ್ಸನನು, ಬಯಲನ್ನೆಲ್ಲ ಸೀಳಿಕೊಂಡು ಓಡಿ ಅಂಕ ಗಳಿಸಿದನು. ಒಮ್ಮೆಯಲ್ಲ, ಅದೇ ದಿನ ಎರಡು ಬಾರಿ. 32ಕ್ಕೆ 26ರಂತೆ ಗೆಲವು ಡಾನ್ಸರದಾಯಿತು. ಮ್ಯಾಟ್ಸನನ ಹೆಸರು ದೇಶಕ್ಕೆಲ್ಲ ತಿಳಿಯಿತು.

ಅದೇ ಅಕ್ಟೋಬರಿನಲ್ಲಿ ಬೇರೊಂದು ಬಯಲಿನಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳದೆ ಮುಂದುವರಿಯುವಂತಿಲ್ಲ. ಓಕ್ಲಹೋಮ ಪ್ರಾಂತದ ಸ್ಟಿಲ್‌ವಾಟರ್ ಎಂಬಲ್ಲಿ 20ನೆಯ ತಾರೀಖಿನಂದು ಡ್ರೇಕ್ ವಿಶ್ವವಿದ್ಯಾಲಯದ ಜಾನಿ ಬ್ರೈಟ್ ಎಂಬ ಕರಿಯ ಆಟಗಾರನ ದವಡೆಯನ್ನು ಎದುರು ಪಕ್ಷದವನೊಬ್ಬನು ಗುದ್ದಿ ಮುರಿದನು. ಆಗ ಚೆಂಡು ಬ್ರೈಟನ ಕೈಯಲ್ಲಿಯೇ ಇರಲಿಲ್ಲ. ಪತ್ರಿಕೆಯೊಂದರ ಇಬ್ಬರು ಛಾಯಾಚಿತ್ರಗಾರರು ಆ ಗುದ್ದನ್ನು ಒಂದರ ಮೇಲೊಂದು ಚಿತ್ರವಾಗಿ ಸೆರೆಹಿಡಿದರು. ಆ ಚಿತ್ರಗಳಿಗೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂದಿತು. ಅಂದಿನ ಅಮೆರಿಕದಲ್ಲಿ ಕರಿಯನೊಬ್ಬನು ಚೆನ್ನಾಗಿ ಆಡಿದರೆ ಚಪ್ಪಾಳೆಯೂ ಬೀಳುತ್ತಿದ್ದಿತು, ಗುದ್ದೂ ಬೀಳುತ್ತಿದ್ದಿತು. ಶಾಲೆಗಳಲ್ಲಿ ವರ್ಣಭೇದವು ನ್ಯಾಯವಲ್ಲವೆಂದು ಆ ದೇಶದ ಪರಮೋಚ್ಚ ನ್ಯಾಯಾಲಯವು ತೀರ್ಪಿತ್ತದ್ದು 1954ರಲ್ಲಿ. ಈ ಕಥೆಯು ಅದಕ್ಕೆ ಮೂರು ವರ್ಷ ಮೊದಲಿನದು.

ಮುಂದಿನ ಪಂದ್ಯಗಳೂ ಇವರ ಪಾಲಿಗೇ ಬಂದುವು. ಸ್ಯಾನ್ ಡಿಯಾಗೋದ ನೌಕಾಶಿಬಿರದವರನ್ನೂ ನೆರೆಯ ಸಾಂಟಾ ಕ್ಲಾರಾ ಕಾಲೇಜಿನವರನ್ನೂ 26ಕ್ಕೆ 7ರಂತೆಯೇ ಗೆದ್ದರು. ಕಾಲೇಜ್ ಆಫ್ ದಿ ಪೆಸಿಫಿಕ್ ಎಂಬ ಬಲವಾದ ತಂಡವನ್ನು 47ಕ್ಕೆ 14ರಂತೆ ನೆಲಕ್ಕೊರಗಿಸಿದರು. ಕೊನೆಯದಾಗಿ ಲಾಸ್ ಏಂಜಲಿಸಿನ ಲೊಯೋಲಾ ತಂಡವನ್ನು 20ಕ್ಕೆ 2ರಂತೆ ಸೋಲಿಸಿ ಋತುವನ್ನು ಮುಗಿಸಿದರು. ಒಟ್ಟು 9 ಪಂದ್ಯಗಳು, ಒಂಬತ್ತೂ ಗೆಲವು. ಸೋಲೂ ಇಲ್ಲ, ಸಮವೂ ಇಲ್ಲ. ಮ್ಯಾಟ್ಸನನು ಓಟದಲ್ಲಿ 1,566 ಗಜಗಳನ್ನು ಕ್ರಮಿಸಿ, 21 ಬಾರಿ ಗೆರೆ ದಾಟಿ, ಆ ವರ್ಷ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಓಟಕ್ಕೂ ಅಂಕಗಳಿಗೂ ಮೊದಲಿಗನಾದನು. ದೇಶದ ತಂಡಗಳ ಪಟ್ಟಿಯಲ್ಲಿ ಡಾನ್ಸರಿಗೆ 14ನೆಯ ಸ್ಥಾನ ದೊರೆಯಿತು.

ಅಮೆರಿಕದಲ್ಲಿ ಋತುವು ಮುಗಿದ ಮೇಲೆ ಹೊಸವರ್ಷದ ವೇಳೆಗೆ ಕೆಲವು ವಿಶೇಷ ಪಂದ್ಯಗಳು ನಡೆಯುವುವು. ಅವಕ್ಕೆ ‘ಬೌಲ್’ ಎಂದು ಹೆಸರು. ಬೋಗುಣಿಯಾಕಾರದ ಕ್ರೀಡಾಂಗಣದಿಂದ ಬಂದ ಹೆಸರಿದು. ಮಯಾಮಿಯಲ್ಲಿ ಕಿತ್ತಳೆ ಹಣ್ಣಿನ ಹೆಸರಿನ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸಿನಲ್ಲಿ ಸಕ್ಕರೆಯ ಹೆಸರಿನ ಶುಗರ್ ಬೌಲ್, ಡಲ್ಲಸಿನಲ್ಲಿ ಹತ್ತಿಯ ಹೆಸರಿನ ಕಾಟನ್ ಬೌಲ್. ಹೀಗೆ ಒಂದೊಂದೂರಿನವರು ತಮ್ಮ ಸೀಮೆಯ ಬೆಳೆಯ ಹೆಸರಿಟ್ಟು ಆಗ ನಡೆಸುತ್ತಿದ್ದ ಹಬ್ಬಗಳಿವು. ಇಲ್ಲಿಗೆ ಸ್ಪರ್ಧಿಸಿ ಬರುವಂತಿರಲಿಲ್ಲ. ಸಮಿತಿಯವರು ಕರೆದರೆ ಮಾತ್ರ ಬರಬೇಕು. ಕರೆ ಬಂದ ಕಾಲೇಜಿಗೆ ಕೀರ್ತಿಯ ಜೊತೆಗೆ ದೊಡ್ಡ ಮೊತ್ತದ ಹಣವೂ ಸೇರುತ್ತಿದ್ದಿತು. ಸಾಲದ ಅಂಚಿನಲ್ಲಿದ್ದ ಚಿಕ್ಕ ಕಾಲೇಜಿಗೆ ಅಂತಹ ಒಂದು ಕರೆಯು ಮುಳುಗುವವನಿಗೆ ಸಿಕ್ಕಿದ ಹರಿಗೋಲಿನಂತೆ.

ಕರೆಯ ಸುಳಿವು ಬಂದಿತು; ಅದರೊಡನೆ ಷರತ್ತೂ ಬಂದಿತು. ಆಡಿದವರೇ ಮುಂದೆ ಹೇಳಿರುವ ಪ್ರಕಾರ, ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನು ಮನೆಯಲ್ಲಿ ಬಿಟ್ಟು ಬರುವುದಾದರೆ ದಕ್ಷಿಣದ ಬೌಲಿನಲ್ಲಿ ಆಡಬಹುದೆಂಬ ಮಾತು ಶಿಕ್ಷಕರ ಕಿವಿಗೆ ಬಿದ್ದಿತು. ಅವರು ಅದನ್ನು ಹುಡುಗರಿಗೆ ತಿಳಿಸಿದರು. ಹುಡುಗರು ದೀರ್ಘಾಲೋಚನೆ ಮಾಡಲಿಲ್ಲ, ಕೈಯೆತ್ತಿಸಿ ಮತವೆಣಿಸಲಿಲ್ಲ. ಹೋದರೆ ಎಲ್ಲರೂ ಹೋಗುವೆವು, ಇಲ್ಲದಿದ್ದರೆ ಯಾರೂ ಹೋಗುವುದಿಲ್ಲ ಎಂಬ ಭಾವವೇ ಎಲ್ಲರಲ್ಲಿಯೂ ಇದ್ದಿತು. ಮಾತು ಅಲ್ಲಿಗೆ ಮುಗಿಯಿತು. 1952ರ ಹೊಸವರ್ಷದ ದಿನ ಆರೆಂಜ್ ಬೌಲಿನಲ್ಲಿ ಜಾರ್ಜಿಯಾ ಟೆಕ್ ಮತ್ತು ಬೇಲರ್ ತಂಡಗಳು ಆಡಿದುವು, ಡಾನ್ಸರು ಮನೆಯಲ್ಲಿದ್ದರು.

ಪಂದ್ಯಗಳನ್ನು ಏರ್ಪಡಿಸುವವರು ಬಹಿರಂಗವಾಗಿ ಹೇಳಿದ ಕಾರಣ ಬೇರೆ. ಈ ತಂಡವು ಗೆದ್ದದ್ದು ದುರ್ಬಲರ ಮೇಲೆ, ದೊಡ್ಡವರೊಡನೆ ಕೈಮಿಲಾಯಿಸಲಿಲ್ಲ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳೇ ಇಲ್ಲವೆಂದು ಹೇಳಲಾಗದು. ಒಂಬತ್ತು ಪಂದ್ಯಗಳಲ್ಲಿ ಎರಡು ಸೈನ್ಯದ ಶಿಬಿರಗಳ ಮೇಲೆ, ಎರಡು ಒಂದೇ ಕಾಲೇಜಿನ ಮೇಲೆ. ಆದರೆ ಈ ವಾದವನ್ನು ಒರೆಗೆ ಹಚ್ಚುವ ಒಂದು ಸಂಗತಿಯಿದೆ. ಡಾನ್ಸರಿಂದ 33 ಅಂಕಗಳ ಅಂತರದಲ್ಲಿ ಸೋತ ಪೆಸಿಫಿಕ್ ಕಾಲೇಜಿಗೇ ಆ ವರ್ಷ ಎಲ್ ಪಾಸೋ ನಗರದ ಸನ್ ಬೌಲಿನಿಂದ ಕರೆ ಬಂದಿತು! ಸೋತವರು ಪಂಕ್ತಿಯಲ್ಲಿ ಕುಳಿತರು, ಗೆದ್ದವರಿಗೆ ಎಲೆಯಿಲ್ಲ.

ಇನ್ನೊಂದು ಸಂಗತಿಯನ್ನೂ ನ್ಯಾಯಕ್ಕಾಗಿ ಹೇಳಬೇಕು. ಆ ಪೆಸಿಫಿಕ್ ತಂಡದಲ್ಲಿಯೂ ಎಡ್ಡಿ ಮೇಕನ್ ಎಂಬ ಕರಿಯ ಆಟಗಾರನಿದ್ದನು. ಅವನು ಸನ್ ಬೌಲಿನಲ್ಲಿ ಆಡಿದನು. ಅದೇ ಸನ್ ಬೌಲಿನವರು ಮೂರು ವರ್ಷಗಳ ಹಿಂದೆ, 1948ರಲ್ಲಿ, ಲಫಾಯೆಟ್ ಎಂಬ ಚಿಕ್ಕ ಕಾಲೇಜನ್ನು ಕರೆದು, ಅದರ ಕರಿಯ ಆಟಗಾರನೊಬ್ಬನನ್ನು ಬಿಟ್ಟು ಬರಬೇಕೆಂದಿದ್ದರು. ಆ ಹುಡುಗರೂ ಬರಲೊಲ್ಲೆವೆಂದಿದ್ದರು. 1948ರ ಹೊಸವರ್ಷದ ದಿನ ಡಲ್ಲಸಿನ ಕಾಟನ್ ಬೌಲಿನಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಕರಿಯರು ಆಡಿದ್ದರು. ಇದರಿಂದ ತಿಳಿಯುವುದೇನು? ದಕ್ಷಿಣದ ಗೋಡೆಯು ಎಲ್ಲಿಯೂ ಒಂದೇ ಸಮನಾಗಿರಲಿಲ್ಲ. ಅಲ್ಲಲ್ಲಿ ಬಿರುಕು ಬಿಡುತ್ತಿದ್ದಿತು. ಬಾಗಿಲು ತೆರೆಯಬೇಕೆಂಬ ಮನಸ್ಸಿದ್ದ ಊರಿನಲ್ಲಿ ಅದು ತೆರೆಯಿತು. ಹೀಗಿರುವಲ್ಲಿ ‘ನಮ್ಮ ಊರಿನ ವಾಡಿಕೆ ಹೀಗೆ, ನಾವೇನು ಮಾಡಲಾದೀತು’ ಎಂಬ ಮಾತಿಗೆ ಎಷ್ಟು ಬೆಲೆಯೆಂಬುದನ್ನು ವಾಚಕರೇ ತೂಗಿ ನೋಡಬಹುದು. ವಾಡಿಕೆಯ ಹೆಸರಿನಲ್ಲಿ ಪಂಕ್ತಿಭೇದವನ್ನು ಕಂಡಿರುವ ನಮ್ಮ ನಾಡಿನವರಿಗೆ ಈ ತಕ್ಕಡಿಯ ಪರಿಚಯ ಸಾಕಷ್ಟು ಇದೆ.

ಈಗ ಆ ಉತ್ತರದ ಬೆಲೆಯ ವಿಚಾರ. ಋತುವು ಮುಗಿದೊಡನೆ ಕಾಲೇಜಿನ ಅಧಿಕಾರಿಗಳು ಲೆಕ್ಕದ ಪುಸ್ತಕವನ್ನು ನೋಡಿ, ಫುಟ್‌ಬಾಲನ್ನು ನಿಲ್ಲಿಸಿಬಿಟ್ಟರು. ಬೌಲಿನ ಹಣ ಬಂದಿದ್ದರೆ ತಂಡ ಉಳಿಯುತ್ತಿದ್ದಿತೆಂದು ಹುಡುಗರು ಕೊನೆಯವರೆಗೂ ನಂಬಿದ್ದರು. ಒಂದು ಪಂದ್ಯದ ಹಣವು ಎಷ್ಟು ಕಾಲ ತಡೆಯುತ್ತಿದ್ದಿತೋ! ಏಕೆಂದರೆ ಅದೇ ಕಾಲದಲ್ಲಿ ಅದೇ ಬಗೆಯ ಚಿಕ್ಕ ಕ್ಯಾಥೊಲಿಕ್ ಕಾಲೇಜುಗಳು ಒಂದೊಂದಾಗಿ ಈ ದುಬಾರಿಯ ಆಟವನ್ನು ಬಿಟ್ಟುವು: ಸೇಂಟ್ ಮೇರೀಸ್ 1950ರ ತರುವಾಯ, ಲೊಯೋಲಾ 1951ರ ತರುವಾಯ, ಸಾಂಟಾ ಕ್ಲಾರಾ 1952ರ ತರುವಾಯ. ಆದರೆ ಮುಳುಗುವ ದೋಣಿಯಲ್ಲಿದ್ದವರು ಕೈಗೆ ಬಂದ ಹರಿಗೋಲನ್ನು ತಾವಾಗಿ ಬಿಟ್ಟುಕೊಟ್ಟರೆಂಬುದೇ ಇಲ್ಲಿ ಮುಖ್ಯವಾದುದು. ಇನ್ನೂ ಓದು ಮುಗಿಯದಿದ್ದ ಹುಡುಗರು ಬೇರೆ ಕಾಲೇಜುಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ಸೇಂಟ್ ಕ್ಲೇರನು ದೂರದ ಟಲ್ಸಾಕ್ಕೆ ಹೋದನು. ಸೋಲನ್ನೇ ಕಾಣದ ತಂಡವು ಹೀಗೆ ಚದುರಿತು.

ಚದುರಿದವರ ಮುಂದಿನ ಬಾಳು ವಿಸ್ಮಯಕರವಾದುದು. ಆ ಒಂದು ಚಿಕ್ಕ ತಂಡದಿಂದ ಒಂಬತ್ತು ಮಂದಿ ದೇಶದ ವೃತ್ತಿಸಂಘದಲ್ಲಿ ಆಡಿದರು. ಅವರಲ್ಲಿ ಮಾರ್ಕೆಟ್ಟಿ, ಮ್ಯಾಟ್ಸನ್, ಸೇಂಟ್ ಕ್ಲೇರ್ ಮೂವರೂ ಆ ಆಟದ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದರು. ಮೊದಲಿಬ್ಬರಿಗೆ ಆ ಗೌರವವು 1972ರಲ್ಲಿ, ಮೂರನೆಯವರಿಗೆ 1990ರಲ್ಲಿ ಸಂದಿತು. ಮ್ಯಾಟ್ಸನ್ನರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಓಡಿ, 400 ಮೀಟರಿನಲ್ಲಿ ಕಂಚನ್ನೂ ನಾಲ್ವರ ಸರಣಿ ಓಟದಲ್ಲಿ ಬೆಳ್ಳಿಯನ್ನೂ ತಂದರು. 1959ರಲ್ಲಿ ಅವರೊಬ್ಬರಿಗಾಗಿ ಒಂದು ವೃತ್ತಿತಂಡವು ಒಂಬತ್ತು ಮಂದಿಯನ್ನು ವಿನಿಮಯ ಕೊಟ್ಟಿತು. ಪತ್ರಿಕೆಗಳಿಗೆ ಸುದ್ದಿ ಬರೆಯುತ್ತಿದ್ದ ರೊಜೆಲ್ಲರು 1960ರಿಂದ 1989ರವರೆಗೆ ಆ ವೃತ್ತಿಸಂಘಕ್ಕೇ ಅಧಿಪತಿಗಳಾಗಿದ್ದರು.

ಬರ್ಲ್ ಟೋಲರರ ಕಥೆ ಮಾತ್ರ ಬೇರೆ. 1952ರ ಬೇಸಗೆಯಲ್ಲಿ ಶಿಕಾಗೋ ನಗರದ ಪ್ರದರ್ಶನ ಪಂದ್ಯವೊಂದರಲ್ಲಿ ಅವರ ಮೊಣಕಾಲು ಮುರಿದು, ವೃತ್ತಿಯಾಟದ ಆಸೆಯು ಶಾಶ್ವತವಾಗಿ ಕಮರಿತು. ಅವರು ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಾಲೆಯಲ್ಲಿ ಉಪಾಧ್ಯಾಯರಾದರು, ಮುಂದೆ ಮುಖ್ಯೋಪಾಧ್ಯಾಯರಾದರು. ಆಡಲಾಗದ ಆಟವನ್ನು ಬಿಡದೆ, ತೀರ್ಪುಗಾರರಾಗಿ ಬಯಲಿಗೆ ಮರಳಿದರು. 1965ರಲ್ಲಿ ವೃತ್ತಿಸಂಘವು ಅವರನ್ನು ನೇಮಿಸಿಕೊಂಡಾಗ ಆ ಹುದ್ದೆಗೆ ಬಂದ ಮೊದಲನೆಯ ಕರಿಯರು ಅವರೇ. 1980ರಲ್ಲಿ ಋತುವಿನ ಕಿರೀಟದಂತಿರುವ ಸೂಪರ್ ಬೌಲ್ ಪಂದ್ಯದಲ್ಲಿಯೂ ತೀರ್ಪುಗಾರರಾಗಿ ನಿಂತರು. ಯಾರನ್ನು ಬಯಲಿಗೆ ಬರಬಾರದೆಂದರೋ ಅವರೇ ಬಯಲಿನ ನ್ಯಾಯವನ್ನು ಕಾಯುವವರಾದರು. 2009ರಲ್ಲಿ ಅವರು ತೀರಿಕೊಂಡರು. ಮ್ಯಾಟ್ಸನ್ನರು 2011ರಲ್ಲಿ, ಸೇಂಟ್ ಕ್ಲೇರರು 2015ರಲ್ಲಿ, ಮಾರ್ಕೆಟ್ಟಿಯವರು 2019ರಲ್ಲಿ.

ಕಾಲೇಜಿನ ಫುಟ್‌ಬಾಲು ಮತ್ತೆಂದೂ ಆ ಎತ್ತರಕ್ಕೆ ಏರಲಿಲ್ಲ. ಆದರೆ ಅದೇ ಕಾಲೇಜು 1955 ಮತ್ತು 1956ರಲ್ಲಿ, ಬಿಲ್ ರಸೆಲ್ ಮೊದಲಾದ ಕರಿಯ ಯುವಕರ ಮುಂದಾಳುತನದಲ್ಲಿ, ಬಾಸ್ಕೆಟ್‌ಬಾಲಿನಲ್ಲಿ ದೇಶಕ್ಕೇ ಮೊದಲನೆಯದಾಯಿತು. ದಕ್ಷಿಣದ ಗೋಡೆಯೂ ಕ್ರಮೇಣ ಕುಸಿಯಿತು. 1956ರ ಶುಗರ್ ಬೌಲಿನಲ್ಲಿ ಪಿಟ್ಸ್‌ಬರ್ಗ್ ತಂಡದ ಬಾಬಿ ಗ್ರಿಯರ್ ಎಂಬ ಕರಿಯ ಆಟಗಾರನು, ಎದುರು ಪಕ್ಷದ ಪ್ರಾಂತವಾದ ಜಾರ್ಜಿಯಾದ ಗವರ್ನರರು ಎಷ್ಟು ಕೂಗಾಡಿದರೂ, ಆಡಿಯೇ ಆಡಿದನು. 2000ದಲ್ಲಿ ಅಮೆರಿಕದ ಸೆನೆಟ್ ಸಭೆಯು 1951ರ ಡಾನ್ಸರಿಗಾದ ಅನ್ಯಾಯವನ್ನು ನಿರ್ಣಯದ ಮೂಲಕ ಒಪ್ಪಿಕೊಂಡು ಅವರನ್ನು ಗೌರವಿಸಿತು. ಆ ವೇಳೆಗೆ ಹುಡುಗರ ತಲೆ ನರೆತಿದ್ದುವು, ಕೆಲವರು ತೀರಿಕೊಂಡಿದ್ದರು. ಅರ್ಧ ಶತಮಾನ ತಡವಾಗಿ ಬಂದ ಮರ್ಯಾದೆಯು ಕಳೆದ ಪಂದ್ಯವನ್ನು ತಂದುಕೊಡಲಾರದು.

ಈ ಕಥೆಯನ್ನು ಮಕ್ಕಳಿಗೆ ಹೇಳುವ ತಾಯಿತಂದೆಗಳು ಒಂದು ವಿಷಯವನ್ನು ಗಮನಿಸಬೇಕು. ಸತ್ಯವಾಗಿ ನಡೆದವರಿಗೆ ಕೊನೆಗೆ ಸಂಪತ್ತು ಬಂದೇ ಬರುವುದೆಂದು ನಾವು ಕಥೆಗಳನ್ನು ಮುಗಿಸುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಉತ್ತರ ಕೊಟ್ಟ ದಿನ ಆ ಹುಡುಗರಿಗೆ ಮುಂದಿನ ಕೀರ್ತಿಯ ಸುಳಿವೂ ಇರಲಿಲ್ಲ, ಕಣ್ಣೆದುರಿಗಿದ್ದುದು ನಷ್ಟವೊಂದೇ. ಅವರನ್ನು ಒಪ್ಪಿಸುವುದಕ್ಕೆ ಬೇಕಾದ ಸವಿಮಾತುಗಳೂ ಕಡಮೆಯಾಗಿರಲಾರವು: ಇಬ್ಬರಿಗಾಗಿ ಎಲ್ಲರೂ ಏಕೆ ಕೆಡಬೇಕು, ಕಾಲೇಜು ಉಳಿದರೆ ಆ ಇಬ್ಬರಿಗೂ ಒಳಿತಲ್ಲವೆ, ಒಂದು ದಿನದ ಮಾತಲ್ಲವೆ? ಮನೆಗಳಲ್ಲಿ, ಊರುಗಳಲ್ಲಿ, ಕಚೇರಿಗಳಲ್ಲಿ ಯಾರನ್ನಾದರೂ ಹೊರಗಿಡುವಾಗ ನಾವು ಆಡುವ ಮಾತುಗಳೂ ಇವೇ. ಯಾವ ಇಬ್ಬರು ಎದೆಯೊಡ್ಡಿ ಒಂಬತ್ತು ಬಾರಿ ಗೆಲವಿನ ದಾರಿಯನ್ನು ಬಿಡಿಸಿದ್ದರೋ ಅವರನ್ನು ಹತ್ತನೆಯ ಬಾರಿ ಬಾಗಿಲಲ್ಲಿ ನಿಲ್ಲಿಸಿ ಹೋದರೆ, ಒಳಗೆ ಹೋದವರು ಆ ತಂಡದವರಾಗಿ ಉಳಿಯುವುದಿಲ್ಲ. ಇಷ್ಟನ್ನು ಆ ಹುಡುಗರು ಯಾವ ಗ್ರಂಥದ ನೆರವೂ ಇಲ್ಲದೆ ಅರಿತಿದ್ದರು. ಅವರು ಆಡದೆ ಉಳಿದ ಆ ಒಂದು ಪಂದ್ಯವೇ, ಆಡಿ ಗೆದ್ದ ಒಂಬತ್ತಕ್ಕಿಂತಲೂ ಹೆಚ್ಚು ಕಾಲ ಜನರ ನೆನಪಿನಲ್ಲಿ ನಿಂತಿದೆ.